ಝಯಾನ್‌ನಲ್ಲಿ ಕ್ಯಾನ್ಯನ್ ಇಳಿಯೋಕೆ ಹೊರಟಿದ್ದೇವೆ, ನಮ್ಮ ಬ್ಯಾಗ್ ನೋಡಿ ಹೇಳಿ

ರಾಮನಗರ_ಬಂಡೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಯೂಟಾದ ಝಯಾನ್ ನ್ಯಾಷನಲ್ ಪಾರ್ಕ್‌ಗೆ ಹೋಗುತ್ತಿದ್ದೇವೆ. ನಾನು, ನನ್ನ ತಂಗಿ ಬೆಂಗಳೂರಿಂದ. ಇನ್ನಿಬ್ಬರು ಗೆಳೆಯರು ಸ್ಯಾನ್ ಹೋಸೆಯಿಂದ ಬರ್ತಾರೆ. ಸಬ್‌ವೇ ಕ್ಯಾನ್ಯನ್ (ಬಂಡೆಗಳ ನಡುವಿನ ಕಿರಿದಾದ ಕಮರಿ) ಮೇಲಿಂದ ಕೆಳಕ್ಕೆ ಇಳಿಯೋಕೆ ಪರ್ಮಿಟ್ ಸಿಕ್ಕಿದೆ. ಟೈಮ್ ಸಿಕ್ಕರೆ ಕೀಹೋಲ್, ಆಮೇಲೆ ಹ್ಯಾಂಕ್ಸ್‌ವಿಲ್ ಕಡೆ ಒಂದೆರಡು ಒಣ ಕ್ಯಾನ್ಯನ್.

ನಾಲ್ವರೂ ರಾಮನಗರ, ಬಾದಾಮಿಯಲ್ಲಿ ಹತ್ತಿದವರೇ. ರ‍್ಯಾಪೆಲ್ (ಹಗ್ಗದಲ್ಲಿ ಬಂಡೆ ಇಳಿಯೋದು) ಚೆನ್ನಾಗಿ ಗೊತ್ತು. ಕ್ಯಾನ್ಯನ್ ಮಾತ್ರ ಹೊಸದು.

ಈಗಿನ ಪಟ್ಟಿ: ಹಾರ್ನೆಸ್, ಹೆಲ್ಮೆಟ್, 60 ಮೀಟರ್ ಡೈನಾಮಿಕ್ (ಹಿಗ್ಗುವ) ಹಗ್ಗ, ಫಿಗರ್ ಎಯ್ಟ್ (ಇಳಿಯುವಾಗ ಹಗ್ಗಕ್ಕೆ ತಡೆ ಕೊಡುವ 8ರ ಆಕಾರದ ಲೋಹ), ಕಾಟನ್ ಟೀ ಶರ್ಟ್‌ಗಳು, ಟೋಪಿ, ಸನ್‌ಸ್ಕ್ರೀನ್, ಲೆದರ್ ಟ್ರೆಕ್ಕಿಂಗ್ ಶೂ, ತಲಾ 2 ಲೀಟರ್ ನೀರು, ನೀರಿನ ಫಿಲ್ಟರ್, ಪವರ್ ಬ್ಯಾಂಕ್, ಡ್ರೋನ್. ಬ್ಯಾಗ್ ಆಗಲೇ ಭಾರ. ಏನು ತೆಗೀಲಿ?

ಫೀನಿಕ್ಸ್_ಅಕ್ಕ

ತಮ್ಮಾ, ನಿನ್ನ ಪಟ್ಟಿ ಪೂರ್ತಿ ಬಿಸಿಲಿಗೆ ಮಾಡಿದ್ದು. ಮರುಭೂಮಿ ಅಂದ ತಕ್ಷಣ ಎಲ್ಲರೂ ಹಾಗೇ ಮಾಡ್ತಾರೆ. ಕ್ಯಾನ್ಯನ್ ಒಳಗೆ ನಿನಗೆ ಕಾಟ ಕೊಡೋದು ಬಿಸಿಲಲ್ಲ, ಚಳಿ.

ಸಬ್‌ವೇಲಿ ಗುಂಡಿಗಳನ್ನು ಈಜಿಕೊಂಡೇ ದಾಟಬೇಕು. ಗೋಡೆಗಳ ಸಂದಿಯಲ್ಲಿ ಆ ನೀರಿಗೆ ಬಿಸಿಲು ಬೀಳೋದೇ ಅಪರೂಪ. ಮೇಲೆ ಬಂಡೆ ಕಾಯ್ತಾ ಇರುತ್ತೆ, ಕೆಳಗೆ ನೀರು ಮೂಳೆ ಕೊರೆಯುತ್ತೆ. ಕೀಹೋಲ್ ಇನ್ನೂ ಇಕ್ಕಟ್ಟು, ಕೊನೆಗೆ ಉದ್ದ ಈಜು ಬೇರೆ. ನಾಲ್ವರಲ್ಲಿ ಒಬ್ಬರು ಇಳಿಯುವಾಗ ಉಳಿದ ಮೂವರು ಏನು ಮಾಡ್ತಾರೆ? ಒದ್ದೆ ಮೈಯಲ್ಲಿ ನೆರಳಲ್ಲಿ ನಿಂತಿರ್ತಾರೆ. ಈಜುವಾಗ ಆಗೋ ಚಳಿಗಿಂತ ಈ ಕಾಯುವ ಚಳಿ ಜಾಸ್ತಿ.

ಕಾಟನ್ ಒಂದೂ ಬೇಡ. ಒದ್ದೆಯಾದರೆ ಒಣಗೋದೇ ಇಲ್ಲ, ಮೈಗೆ ಅಂಟಿಕೊಂಡು ಶಾಖ ಹೀರುತ್ತೆ. ಸಿಂಥೆಟಿಕ್ ಅಥವಾ ತೆಳು ಉಣ್ಣೆ ಹಾಕಿಕೋ. ಅಕ್ಟೋಬರ್‌ಗೆ ಪೂರ್ತಿ ಮೈ ಮುಚ್ಚುವ ವೆಟ್‌ಸೂಟ್ (ನೀರಲ್ಲೂ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಬೇಕೇ ಬೇಕು, ಕೈಕಾಲು ಗಿಡ್ಡ ಇರೋದು ಬೇಡ. ಇದನ್ನೆಲ್ಲ ಬೆಂಗಳೂರಿಂದ ಹೊರಬೇಡ. ಪಾರ್ಕ್ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಊರಲ್ಲಿ ವೆಟ್‌ಸೂಟ್, ಡ್ರೈಸೂಟ್ (ಒಳಗೆ ನೀರೇ ಬಿಡದ ಉಡುಪು), ವೆಟ್‌ಸೂಟ್ ಬಟ್ಟೆಯದೇ ನಿಯೋಪ್ರಿನ್ ಸಾಕ್ಸ್, ನೀರಿನ ಶೂ ಎಲ್ಲ ಬಾಡಿಗೆಗೆ ಸಿಗುತ್ತೆ.

ಇನ್ನೊಂದು ಮಾತು. ಪರ್ಮಿಟ್ ಆಯಾ ಕ್ಯಾನ್ಯನ್‌ಗೆ, ಆಯಾ ದಿನಕ್ಕೆ. ಸಬ್‌ವೇ ಪರ್ಮಿಟ್ ಇಟ್ಟುಕೊಂಡು ಕೀಹೋಲ್‌ಗೆ ಇಳಿಯೋ ಹಾಗಿಲ್ಲ. ಅದಕ್ಕೆ ಬೇರೆ ತಗೋಬೇಕು.

ವೀಕೆಂಡ್_ವೀರ

ಅಕ್ಕಾವ್ರು ಸುಮ್ನೆ ಹೆದರಿಸ್ತಿದ್ದಾರೆ ಅನ್ಸುತ್ತೆ. ನಾನು ಜುಲೈನಲ್ಲಿ ಸಬ್‌ವೇ ಇಳಿದಿದ್ದು ಬರೀ ಶಾರ್ಟ್ಸ್, ಟೀ ಶರ್ಟ್‌ನಲ್ಲಿ. ನಡುಗಿತು, ಅಷ್ಟೆ. ಬಾಡಿಗೆ ದುಡ್ಡು ಉಳಿಯಿತು.

ಫೀನಿಕ್ಸ್_ಅಕ್ಕ

ಜುಲೈಗೂ ಅಕ್ಟೋಬರ್‌ಗೂ ವ್ಯತ್ಯಾಸ ಇಲ್ವಾ? ಅಕ್ಟೋಬರ್‌ನಲ್ಲಿ ಹಗಲು ಗಿಡ್ಡ, ಹೊರಗೆ ಬಂದ ಮೇಲೆ ಮೈ ಕಾಯಿಸೋಕೆ ಬಿಸಿಲೂ ಕಡಿಮೆ. ನಡುಕ ಅನ್ನೋದು ಮೊದಲ ಹಂತ. ಆಮೇಲೆ ಬೆರಳು ಮರಗಟ್ಟುತ್ತೆ. ಕ್ಯಾರಬೀನರ್‌ನ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿಯ) ಸ್ಕ್ರೂ ತಿರುಗಿಸೋಕೆ ಹೋದರೆ ಹೆಬ್ಬೆರಳು ಹೇಳಿದ ಮಾತು ಕೇಳಲ್ಲ. ಎರಡು ಸಲ ಜಾರುತ್ತೆ, ಮೂರನೇ ಸಲ ಹಲ್ಲಿಂದ ತಿರುಗಿಸ್ತೀರಿ. ಅಂಥ ಕೈಯಲ್ಲಿ ಆಂಕರ್‌ಗೆ (ಹಗ್ಗ ಕಟ್ಟುವ ಆಧಾರಕ್ಕೆ) ಹಗ್ಗ ಹಾಕಿ, ತಂಗಿಯನ್ನ ಕೆಳಗೆ ಇಳಿಸಬೇಕಾ? ಗುಂಪಿನಲ್ಲಿ ಎಲ್ಲರಿಗಿಂತ ತೆಳ್ಳಗಿರೋರು ಯಾರೋ ಅವರನ್ನ ನೋಡಿ ಸೂಟ್ ತೀರ್ಮಾನ ಮಾಡಿ, ಗಟ್ಟಿಗರನ್ನ ನೋಡಿ ಅಲ್ಲ.

ಹಗ್ಗ_ಮಾಸ್ತರ್

ಚಳಿ ವಿಷಯದಲ್ಲಿ ಅಕ್ಕ ಹೇಳಿದ್ದಕ್ಕೆ ನನ್ನ ಸಹಿ. ನಾನು ಹಗ್ಗದ ಬಗ್ಗೆ ಮಾತ್ರ ಹೇಳ್ತೀನಿ.

ಬಂಡೆಯವರೇ, ಡೈನಾಮಿಕ್ ಹಗ್ಗ ಮನೆಯಲ್ಲೇ ಇರಲಿ. ಅದು ಬೀಳುವವರನ್ನು ಮೆತ್ತಗೆ ಹಿಡಿಯೋಕೆ ಹುಟ್ಟಿದ್ದು. ಇಲ್ಲಿ ಯಾರೂ ಲೀಡ್ ಹತ್ತಲ್ಲ (ಹಗ್ಗ ಕಟ್ಟಿಕೊಂಡು ಮೊದಲಿಗರಾಗಿ ಮೇಲೇರಲ್ಲ), ಬರೀ ಇಳಿಯೋದು. ಬೇಕಾಗಿರೋದು 8ರಿಂದ 9 ಮಿಲಿಮೀಟರ್ ದಪ್ಪದ, ಅಷ್ಟಾಗಿ ಹಿಗ್ಗದ ಸ್ಟ್ಯಾಟಿಕ್ ಹಗ್ಗ. ಪಾಲಿಯೆಸ್ಟರ್ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು, ನೀರು ಕಡಿಮೆ ಕುಡಿಯುತ್ತೆ. ನೈಲಾನ್ ಹಗ್ಗ ಹೊಸದು ತಂದರೆ ಒಮ್ಮೆ ನೆನೆಸಿ, ಒಣಗಿಸಿ, ಆಮೇಲೆ ಅಳತೆ ಮಾಡಿ. ಕುಗ್ಗುತ್ತೆ.

ಉದ್ದ: ಸಬ್‌ವೇಗೆ ಪಾರ್ಕ್‌ನವರು ಹೇಳೋದು 60 ಅಡಿ ಹಗ್ಗ. ಅಡಿ, ಮೀಟರ್ ಅಲ್ಲ. ಅಲ್ಲಿನ ಇಳಿತಗಳು ಗಿಡ್ಡ. ನೀವು 60 ಮೀಟರ್, ಅಂದರೆ ಹತ್ತಿರ ಹತ್ತಿರ 200 ಅಡಿ ಹೊತ್ತುಕೊಂಡು 15 ಕಿಲೋಮೀಟರ್ ನಡೆಯೋಕೆ ಹೊರಟಿದ್ದೀರಿ. ಬ್ಯಾಗ್ ಭಾರ ಯಾಕೆ ಅಂತ ಗೊತ್ತಾಯ್ತಾ?

ರಾಮನಗರ_ಬಂಡೆ

ಮಾಸ್ತರ್, ಅಡಿ ಮೀಟರ್ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಆದರೆ ಡೈನಾಮಿಕ್ ಯಾಕೆ ಬೇಡ ಅಂತ ಇನ್ನೂ ಅರ್ಥ ಆಗ್ಲಿಲ್ಲ. ಬಾದಾಮಿಯಲ್ಲಿ ಅದೇ ಹಗ್ಗದಲ್ಲಿ ಎಷ್ಟೋ ಸಲ ಇಳಿದಿದ್ದೇವೆ. ಸ್ವಲ್ಪ ಜೋಕಾಲಿ ಆಡುತ್ತೆ, ಅಷ್ಟೇ ತಾನೆ?

ಹಗ್ಗ_ಮಾಸ್ತರ್

ಆ ಜೋಕಾಲಿಯೇ ಸಮಸ್ಯೆ. ನೀವು ನೇತಾಡುವಾಗ ಹಗ್ಗ ಹಿಗ್ಗುತ್ತೆ, ಕುಗ್ಗುತ್ತೆ. ಬಂಡೆಯ ಅಂಚಿನ ಮೇಲೆ ಅದು ಒಂದೇ ಜಾಗದಲ್ಲಿ ಹಿಂದೆ ಮುಂದೆ ಉಜ್ಜುತ್ತೆ. ಬಾದಾಮಿಯದೂ ಮರಳುಗಲ್ಲೇ, ಆದರೆ ಗಟ್ಟಿ. ಝಯಾನ್‌ನ ನವಾಹೋ ಮರಳುಗಲ್ಲು ಅದಕ್ಕಿಂತ ಮೆತ್ತಗೆ. ಹಗ್ಗವೂ ಸವೆಯುತ್ತೆ, ಕಲ್ಲೂ ಸವೆಯುತ್ತೆ. ಎಷ್ಟೋ ಕ್ಯಾನ್ಯನ್‌ಗಳ ಅಂಚಿನಲ್ಲಿ ಹಗ್ಗ ಎಳೆದೆಳೆದು ಬಿದ್ದಿರುವ ಆಳದ ಗೀರುಗಳಿವೆ. ನಮ್ಮ ಹಳೇ ಬಾವಿಗಳ ಕಟ್ಟೆ ಕಲ್ಲಿನಲ್ಲಿ ಇರುತ್ತಲ್ಲ, ಹಾಗೆ. ಮುಂದಿನವರು ಹಗ್ಗ ಎಳೆಯುವಾಗ ಆ ಗೀರಿನಲ್ಲೇ ಸಿಕ್ಕಿಕೊಳ್ಳುತ್ತೆ.

ಇನ್ನು ಮುಖ್ಯ ವಿಷಯ. ಮೊದಲ ಇಳಿತ ಮುಗಿಸಿ ಹಗ್ಗ ಎಳೆದುಕೊಂಡರೆ ವಾಪಸ್ ಹೋಗೋ ದಾರಿ ಮುಚ್ಚಿತು ಅಂತ ಅರ್ಥ. ಟ್ರೆಕ್ಕಿಂಗ್‌ನಲ್ಲಿ ಬೇಜಾರಾದರೆ ತಿರುಗಿ ಬರಬಹುದು. ಇಲ್ಲಿ ಮುಂದೆ ಹೋಗಲೇಬೇಕು. ಅದಕ್ಕೇ ಬ್ಯಾಗ್ ತುಂಬುವಾಗ ಪ್ರತಿ ಸಾಮಾನಿಗೂ ನಾನು ಒಂದೇ ಪ್ರಶ್ನೆ ಕೇಳೋದು: ಹಗ್ಗ ಮೇಲೆ ಸಿಕ್ಕಿಹಾಕಿಕೊಂಡರೆ ಇದು ಉಪಯೋಗಕ್ಕೆ ಬರುತ್ತಾ?

ಆ ಪ್ರಶ್ನೆಗೆ ಉತ್ತರವಾಗಿ ಬರೋದು ಇವು. ಮುಂದಿನ ಇಳಿತಕ್ಕೆ ಸಾಕಾಗುವ ಇನ್ನೊಂದು ಗಿಡ್ಡ ಹಗ್ಗ, ಬೇರೆಯವರ ಬ್ಯಾಗಿನಲ್ಲಿ. ಹಗ್ಗ ಹಿಡಿದು ಮೇಲಕ್ಕೆ ಹತ್ತೋಕೆ ಪ್ರೂಸಿಕ್ ಕುಣಿಕೆಗಳು, ಎಲ್ಲರ ಹಾರ್ನೆಸ್‌ನಲ್ಲೂ. ಒಂದಿಂಚಿನ ಟ್ಯೂಬುಲರ್ ವೆಬ್ಬಿಂಗ್ (ಆಂಕರ್‌ಗೆ ಕಟ್ಟುವ ಗಟ್ಟಿ ಪಟ್ಟಿ) ಐದಾರು ಮೀಟರ್, ಒಂದೆರಡು ರ‍್ಯಾಪಿಡ್ ಕೊಂಡಿಗಳು (ತಿರುಪಿನಿಂದ ಮುಚ್ಚುವ ಲೋಹದ ಕೊಂಡಿ), ಮಡಚುವ ಚಾಕು. ಆಂಕರ್‌ನಲ್ಲಿ ಹಿಂದಿನವರು ಬಿಟ್ಟುಹೋದ ಪಟ್ಟಿ ಬಿಸಿಲಿಗೆ ಬಿಳಿಚಿಕೊಂಡು ಗಡಸಾಗಿದ್ದರೆ ಅದನ್ನ ಕತ್ತರಿಸಿ ತೆಗೆದು ಹೊಸದು ಕಟ್ಟಿ. ವೆಬ್ಬಿಂಗ್ ಮಣ್ಣಿನ ಬಣ್ಣದ್ದು ತಗೊಳ್ಳಿ. ಕೆಂಪು ಕಲ್ಲಿನ ನಡುವೆ ಗಿಳಿಹಸಿರು ಪಟ್ಟಿ ನೇತುಹಾಕಿದರೆ ಬಂದವರೆಲ್ಲ ಬೈತಾರೆ, ಬೈಯಬೇಕಾದ್ದೇ.

ಫಿಗರ್ ಎಯ್ಟ್ ತಪ್ಪಲ್ಲ. ಆದರೆ ನಿಮ್ಮ ಕೈ ಪಳಗಿರೋದು ದಪ್ಪ ಒಣ ಹಗ್ಗಕ್ಕೆ. 8 ಮಿಲಿಮೀಟರ್ ಒದ್ದೆ ಹಗ್ಗ ಒಂಟಿ ಎಳೆಯಲ್ಲಿ ಸರ್ರನೆ ಜಾರುತ್ತೆ. ನೇತಾಡುತ್ತಲೇ ಘರ್ಷಣೆ ಹೆಚ್ಚು ಮಾಡಿಕೊಳ್ಳುವ ಕೊಂಬುಗಳಿರುವ ಡಿಸೆಂಡರ್ (ಇಳಿಯುವ ಸಾಧನ) ಸಿಗುತ್ತೆ, ಅದು ಮೇಲು. ಮೊದಲು ಇಳಿದವರು ಕೆಳಗೆ ಹಗ್ಗ ಹಿಡಿದು ನಿಲ್ಲಬೇಕು. ಮೇಲಿನವರ ಹಿಡಿತ ತಪ್ಪಿದರೆ ಕೆಳಗಿಂದ ಎಳೆದರೆ ಸಾಕು, ಅಲ್ಲೇ ನಿಲ್ಲುತ್ತಾರೆ.

ಸುಮ್ನೆ_ಓದುಗ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮಗೆ ಹಗ್ಗಗಿಗ್ಗ ಗೊತ್ತಿಲ್ಲ. ಅಪ್ಪ ಅಮ್ಮ ಬರ್ತಿದ್ದಾರೆ. ನ್ಯಾರೋಸ್ ಅಂತ ಇದೆಯಲ್ಲ, ಅಲ್ಲಿಗೆ ಏನು ಬೇಕು?

ಫೀನಿಕ್ಸ್_ಅಕ್ಕ

ಕೆಳಗಿಂದ ಮೇಲಕ್ಕೆ ನದಿಯಲ್ಲೇ ನಡೆದು ವಾಪಸ್ ಬರೋದಾದರೆ ಬಿಗ್ ಸ್ಪ್ರಿಂಗ್ ತನಕ ಪರ್ಮಿಟ್ ಬೇಡ. ಬಿಗಿಯಾದ ಶೂ, ಎದೆ ಎತ್ತರದ ಕೋಲು. ಚಪ್ಪಲಿ ಬೇಡ್ವೇ ಬೇಡ, ತಳದಲ್ಲಿ ದುಂಡು ಕಲ್ಲು ಜಾರುತ್ತೆ. ನದಿ 150 ಕ್ಯುಸೆಕ್ ದಾಟಿದರೆ ಪಾರ್ಕ್‌ನವರೇ ಮುಚ್ಚುತ್ತಾರೆ. ಅಪ್ಪ ಅಮ್ಮನಿಗೆ ಮೊಣಕಾಲು ನೋವಿದ್ದರೆ ಮೊದಲ ತಿರುವಿನ ತನಕ ಹೋಗಿ ಬಂದರೂ ಸಾಕು, ಗೋಡೆ ಅಲ್ಲೇ ಕಾಣುತ್ತೆ.

ಸಾಲ್ಟ್‌ಲೇಕ್_ಭಾವ

ಕ್ಯುಸೆಕ್ ಅಂದ ಕೂಡಲೇ ಹೇಳಬೇಕು ಅನ್ನಿಸಿತು. ಕೆಆರ್‌ಎಸ್ ಒಳಹರಿವು ದಿನಾ ಓದೋ ನಮಗೆ ಈ ಲೆಕ್ಕ ಬೇಗ ಹಿಡಿಸುತ್ತೆ.

2015ರ ಸೆಪ್ಟೆಂಬರ್ 14. ಬಂಡೆಯವರು ಹೋಗಬೇಕು ಅಂತಿರುವ ಅದೇ ಕೀಹೋಲ್‌ಗೆ ಏಳು ಜನರ ಗುಂಪು ಇಳಿದಿತ್ತು. ಪರ್ಮಿಟ್ ಇತ್ತು, ಸಲಕರಣೆ ಇತ್ತು. ಸಂಜೆ ಮಳೆ ಸುರಿಯಿತು. ಆವತ್ತು ವರ್ಜಿನ್ ನದಿಯ ನಾರ್ತ್ ಫೋರ್ಕ್ ಕವಲು 15 ನಿಮಿಷದಲ್ಲಿ 55 ಕ್ಯುಸೆಕ್‌ನಿಂದ 2,630 ಕ್ಯುಸೆಕ್‌ಗೆ ಏರಿತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದಕ್ಕೂ ಮುಂಚೆ, 1997ರ ಆಗಸ್ಟ್ 12ರಂದು ಅರಿಝೋನಾದ ಆ್ಯಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಅಲ್ಲಿ ಮಳೆ ಬಿದ್ದಿದ್ದು ಎಷ್ಟೋ ಮೈಲಿ ದೂರದಲ್ಲಿ.

ಮಣ್ಣಿಲ್ಲದ ಬರೀ ಬಂಡೆ ನೀರು ಹೀರಲ್ಲ. ಬಿದ್ದಿದ್ದೆಲ್ಲ ಹರಿದು ಸಂದಿಗೇ ಬರುತ್ತೆ. ಸಂದಿಯಲ್ಲಿ ಪಕ್ಕಕ್ಕೆ ಹತ್ತೋಕೆ ಜಾಗ ಇರಲ್ಲ. ಇದಕ್ಕೆ ಯಾವ ಅಂಗಡಿಯಲ್ಲೂ ಸಾಮಾನು ಸಿಗಲ್ಲ. ವೆಟ್‌ಸೂಟ್ ಹಾಕಿದರೂ ಅಷ್ಟೆ, ಹೆಲ್ಮೆಟ್ ಹಾಕಿದರೂ ಅಷ್ಟೆ.

ಹವಾಮಾನ ಇಲಾಖೆ ದಿನಾ ಈ ಪಾರ್ಕ್‌ಗೆ ಹಠಾತ್ ಪ್ರವಾಹದ ಮುನ್ಸೂಚನೆ ಕೊಡುತ್ತೆ. ನಾಲ್ಕು ಹಂತ: ನಿರೀಕ್ಷೆ ಇಲ್ಲ, ಆಗಬಹುದು, ಆಗುವ ಸಂಭವ ಜಾಸ್ತಿ, ಆಗೇ ಆಗುತ್ತೆ. ನನ್ನ ಲೆಕ್ಕದಲ್ಲಿ ಮೊದಲನೇದು ಇದ್ದರೆ ಮಾತ್ರ ಕೀಹೋಲ್. 'ಆಗಬಹುದು' ಅಂತಿದ್ದರೂ ನಾನು ಇಳಿಯಲ್ಲ. ಜುಲೈಯಿಂದ ಸೆಪ್ಟೆಂಬರ್ ಅಲ್ಲಿನ ಮಾನ್ಸೂನ್. ಅಕ್ಟೋಬರ್ ಸ್ವಲ್ಪ ವಾಸಿ, ಆದರೂ ಬೆಳಗ್ಗೆ ನೋಡದೆ ಹೊರಡಬೇಡಿ. ಮಳೆ ಇದ್ದರೆ ಏನು ಮಾಡೋದು ಅಂತ ಇವತ್ತೇ ತೀರ್ಮಾನ ಮಾಡಿ. ಬೆಂಗಳೂರಿಂದ ಅಷ್ಟು ದುಡ್ಡು ಸುರಿದು ಹೋದವರಿಗೆ ಆ ಬೆಳಗ್ಗೆ 'ಬೇಡ' ಅನ್ನೋಕೆ ಬಾಯಿ ಬರಲ್ಲ.

ಧಾರವಾಡ_ಟು_ಡೆನ್ವರ್

ಭಾವ ಅವರು ಹೇಳಿದ ಮೇಲೆ ಊಟದ ವಿಷಯ ಎತ್ತೋದು ಸರಿ ಅನ್ಸಲ್ಲ, ಆದರೂ ಯಾರಾದರೂ ಎತ್ತಬೇಕಲ್ರೀ.

ಮೊದಲು ನೀರು. ತಲಾ 2 ಲೀಟರ್ ಏನೇನೂ ಸಾಲಲ್ಲ. ಪಾರ್ಕ್‌ನವರು ದಿನಕ್ಕೆ ಒಂದು ಗ್ಯಾಲನ್ ಅಂತಾರೆ, ಹೆಚ್ಚೂಕಮ್ಮಿ 4 ಲೀಟರ್. ಸಬ್‌ವೇ ಮುಗಿದ ಮೇಲೆ ಕೊನೆಗೆ ಕಡಿದಾದ ಏರು ಇದೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಅಲ್ಲಿ ಬಾಟಲಿ ಖಾಲಿ ಇದ್ದರೆ ಅಳು ಬರುತ್ತೆ.

ಫಿಲ್ಟರ್ ಇದೆ, ಹೊಳೆ ನೀರು ಕುಡಿಯೋಣ ಅಂದುಕೊಂಡಿದ್ದರೆ ಬಿಟ್ಟುಬಿಡಿ. 2020ರಲ್ಲಿ ವರ್ಜಿನ್ ನದಿಯಲ್ಲಿ ಆಡಿದ ನಾಯಿಮರಿಯೊಂದು ಸತ್ತುಹೋಯಿತು. ಕಾರಣ ಸಯನೋಬ್ಯಾಕ್ಟೀರಿಯಾ (ನೀರಲ್ಲಿ ಬೆಳೆಯುವ ಸೂಕ್ಷ್ಮಜೀವಿ) ಬಿಡುವ ವಿಷ. ನಾವು ಟ್ರೆಕ್ಕಿಂಗ್‌ಗೆ ಒಯ್ಯುವ ಫಿಲ್ಟರ್‌ಗಳು ಆ ವಿಷ ತೆಗೆಯೋದಿಲ್ಲ. ನಲ್ಲಿ ನೀರು ತುಂಬಿಕೊಂಡು ಹೋಗಿ, ಈಜುವಾಗ ಬಾಯಿ ಮುಚ್ಚಿಕೊಳ್ಳಿ.

ತಿನ್ನೋಕೆ: ಶೇಂಗಾ ಚಿಕ್ಕಿ, ಹುರಿಗಡಲೆ, ಖರ್ಜೂರ, ಕೊಬ್ಬರಿ ಬೆಲ್ಲ. ಚಳಿಯಲ್ಲಿ ನಡುಗುವಾಗ ಚಿಕ್ಕಿಯಂಥದ್ದು ಇನ್ನೊಂದಿಲ್ಲ. ಅವ್ವ ಕಟ್ಟಿಕೊಟ್ಟ ಖಡಕ್ ಜೋಳದ ರೊಟ್ಟಿ ಒಯ್ಯೋ ಆಸೆ ಇದ್ದರೆ ಕಾರಿನಲ್ಲೇ ಇಡಿ. ಬ್ಯಾಗನ್ನ ಕಲ್ಲಿನ ಮೇಲಿಂದ ಎಸೆದು, ನೀರಲ್ಲಿ ತೇಲಿಸಿ, ಸಂದಿಯಲ್ಲಿ ಎಳೆದುಕೊಂಡು ಹೋಗ್ತೀರಿ. ಕೊನೆಗೆ ಸಿಗೋದು ರೊಟ್ಟಿ ಪುಡಿ.

ವೀಕೆಂಡ್_ವೀರ

ಎಲೆಕ್ಟ್ರೊಲೈಟ್ ಪುಡಿ ಮರೆತ್ರಿ.

ಧಾರವಾಡ_ಟು_ಡೆನ್ವರ್

ಓಆರ್‌ಎಸ್ ಪೊಟ್ಟಣ ಊರಿಂದಲೇ ತರಲಿ. ಅದೇ ಕೆಲಸ, ಕಾಲು ಭಾಗ ದುಡ್ಡು.

ರಾಮನಗರ_ಬಂಡೆ

ಡ್ರೋನ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ. ಮತ್ತೆ ಶೂ, ಮೊಬೈಲ್, ಬ್ಯಾಗ್?

ಸಾಲ್ಟ್‌ಲೇಕ್_ಭಾವ

ಡ್ರೋನ್ ಮನೆಯಲ್ಲಿ. ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ 2014ರಿಂದ ನಿಷೇಧ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಕ್ಯಾಂಪ್ ಸ್ಟೌವ್ ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ.

ಫೀನಿಕ್ಸ್_ಅಕ್ಕ

ಲೆದರ್ ಶೂ ನೀರು ಕುಡಿದು ಇಟ್ಟಿಗೆ ಆಗುತ್ತೆ. ಬಾಡಿಗೆ ಶೂ ತಗೋ, ಒಳಗೆ ನಿಯೋಪ್ರಿನ್ ಸಾಕ್ಸ್. ಸಾಕ್ಸ್ ಹಾಕಿಕೊಂಡೇ ಅಳತೆ ನೋಡು, ಇಲ್ಲಾಂದ್ರೆ ಬೆರಳು ಹಿಂಡುತ್ತೆ.

ಬ್ಯಾಗಿನ ತಳದಲ್ಲಿ ನೀರು ಇಳಿದುಹೋಗೋ ತೂತು ಇರಬೇಕು. ಇಲ್ಲದಿದ್ದರೆ ಪ್ರತಿ ಗುಂಡಿಯಿಂದ ಒಂದು ಬಿಂದಿಗೆ ನೀರು ಬೆನ್ನ ಮೇಲೆ ಹೊತ್ತುಕೊಂಡು ಏಳ್ತೀಯ. ಒಳಗಿನ ಸಾಮಾನು ಡ್ರೈ ಬ್ಯಾಗ್‌ನಲ್ಲಿ. ಗಾಳಿ ಹಿಂಡಿ, ಬಾಯಿಯನ್ನ ಮೂರು ಸುತ್ತು ಬಿಗಿಯಾಗಿ ಮಡಚಿ ಬಕಲ್ ಹಾಕಬೇಕು. ಊರಲ್ಲೇ ಒಳಗೆ ಟಿಶ್ಯೂ ಪೇಪರ್ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ನೋಡು. ಪೇಪರ್ ಒದ್ದೆಯಾದರೆ ಆ ಬ್ಯಾಗ್ ತರಕಾರಿ ತರೋಕೆ ಇಟ್ಟುಕೋ. ಮೊಬೈಲ್, ಹೆಡ್‌ಲ್ಯಾಂಪ್, ಒಣ ಉಣ್ಣೆ ಟೋಪಿ, ಪ್ರಥಮ ಚಿಕಿತ್ಸೆ ಇವೆಲ್ಲ ತಿರುಪಿನ ಮುಚ್ಚಳದ ಗಟ್ಟಿ ಡಬ್ಬಿಯಲ್ಲಿ ಹಾಕಿದರೆ ಇನ್ನೂ ನಿಶ್ಚಿಂತೆ.

ಕಾರಿನ ಕೀ ಕೂಡ ಆ ಡಬ್ಬಿಯಲ್ಲೇ. ಈಗಿನ ಬಾಡಿಗೆ ಕಾರುಗಳದು ಬಟನ್ ಕೀ, ನೀರು ಹೋದರೆ ಕತೆ ಮುಗೀತು. ಸಬ್‌ವೇ ಮೇಲಿಂದ ಇಳಿಯೋರು ವೈಲ್ಡ್‌ಕ್ಯಾಟ್ ಹತ್ತಿರ ಶುರು ಮಾಡಿ ಲೆಫ್ಟ್ ಫೋರ್ಕ್ ಹತ್ತಿರ ಹೊರಗೆ ಬರ್ತಾರೆ. ಎರಡು ಕಾರು ಬೇಕು. ಕೆಳಗಿನ ಕಾರಿನ ಕೀಯನ್ನ ಮೇಲಿನ ಕಾರಿನಲ್ಲಿ ಬಿಟ್ಟು ಇಳಿಯೋರು ಎಷ್ಟು ಜನ ಅಂತೀಯ! ಹೊರಡೋಕೆ ಮುಂಚೆ ಕೀ ತೋರಿಸಿ ಅಂತ ಜೋರಾಗಿ ಕೇಳು. ಕೆಳಗಿನ ಕಾರಿನಲ್ಲಿ ಒಣ ಬಟ್ಟೆ, ಚಪ್ಪಲಿ, ನೀರಿನ ಕ್ಯಾನ್ ಇಟ್ಟಿರಿ.

ಹಗ್ಗ_ಮಾಸ್ತರ್

ಮೊಬೈಲ್ ಸಿಗ್ನಲ್ ಕ್ಯಾನ್ಯನ್ ಒಳಗೆ ಸಿಗಲ್ಲ. ಸ್ಯಾಟಲೈಟ್ ಮೆಸೆಂಜರ್ ತಗೊಳ್ಳಿ, ಆದರೆ ಅದಕ್ಕೂ ಆಕಾಶ ಕಾಣಬೇಕು. ಕಿರಿದಾದ ಸಂದಿಯಲ್ಲಿ ಆಕಾಶ ಅಂದರೆ ಒಂದು ಗೆರೆ. ಹಾಗಾಗಿ ಎಲ್ಲಿಗೆ ಹೋಗ್ತೀರಿ, ಎಷ್ಟು ಹೊತ್ತಿಗೆ ಹೊರಗೆ ಬರ್ತೀರಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಹೊರಗಿನ ಒಬ್ಬರಿಗೆ ಬರೆದು ಕೊಡಿ. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಬ್ಲೂಜಾನ್ ಕ್ಯಾನ್ಯನ್‌ಗೆ ಒಬ್ಬನೇ ಹೋಗಿದ್ದ, ಯಾರಿಗೂ ಹೇಳಿರಲಿಲ್ಲ. ಬಲಗೈ ಬಂಡೆಯಡಿ ಸಿಕ್ಕಿಕೊಂಡು ಐದು ದಿನ ಕಳೆದ ಮೇಲೆ ತಾನೇ ಕೈ ಕತ್ತರಿಸಿಕೊಂಡು ಹೊರಗೆ ಬಂದ. ಬಂಡೆಯವರು ಹೋಗ್ತಿರೋ ಹ್ಯಾಂಕ್ಸ್‌ವಿಲ್ ಸೀಮೆಯದೇ ಕ್ಯಾನ್ಯನ್ ಅದು.

ಪ್ರತಿಯೊಬ್ಬರ ಕೊರಳಲ್ಲಿ ಸೀಟಿ ಇರಲಿ. ನೀರಿನ ಸದ್ದಿನಲ್ಲಿ ಕೂಗು ಕೇಳಲ್ಲ. ಎಷ್ಟು ಸೀಟಿಗೆ ಏನರ್ಥ ಅನ್ನೋದು ಗುಂಪಿನಿಂದ ಗುಂಪಿಗೆ ಬೇರೆ, ನೀವು ನಾಲ್ವರು ಕೂತು ಒಂದೇ ಥರ ಮಾತಾಡಿಕೊಳ್ಳಿ.

ಧಾರವಾಡ_ಟು_ಡೆನ್ವರ್

ಹ್ಯಾಂಕ್ಸ್‌ವಿಲ್ ದಕ್ಷಿಣಕ್ಕೆ ನಾರ್ತ್ ವಾಶ್‌ನಲ್ಲಿ ಲೆಪ್ರಕಾನ್ ಇದೆಯಲ್ಲ, ಅಲ್ಲಿಗೆ ಹೋಗೋದಾದರೆ ಬ್ಯಾಗ್ ಲೆಕ್ಕವೇ ಬೇರೆ. ಅಲ್ಲಿ ಸಂದಿ ಎಷ್ಟು ಕಿರಿದು ಅಂದರೆ ಕೆಲವು ಕಡೆ ಅಡ್ಡ ತಿರುಗಿ, ಉಸಿರು ಬಿಟ್ಟು ಎದೆ ಸಣ್ಣ ಮಾಡಿಕೊಂಡು ಸರೀಬೇಕು. ಮೊಣಕಾಲು, ಮೊಣಕೈಗೆ ಪ್ಯಾಡ್. ಹರಿದರೂ ಪರವಾಗಿಲ್ಲ ಅನ್ನೋ ಹಳೇ ತುಂಬುತೋಳಿನ ಅಂಗಿ, ಪ್ಯಾಂಟ್. ಕಲ್ಲು ಮರಳು ಕಾಗದದ ಹಾಗೆಯೇ ಉಜ್ಜುತ್ತೆ, ಹೊಸ ಜಾಕೆಟ್ ಹಾಕಿಕೊಂಡು ಹೋದರೆ ತೋಳು ಮಾತ್ರ ಅಲ್ಲ, ಮನಸ್ಸೂ ಹರಿಯುತ್ತೆ. ಬ್ಯಾಗ್ ಚಿಕ್ಕದು, ಹಿಂದೆ ಎಳೆದುಕೊಂಡು ಹೋಗೋಕೆ ಒಂದು ಗಿಡ್ಡ ದಾರ. ಇಕ್ಕಟ್ಟು ಕಂಡರೆ ಗಾಬರಿ ಆಗೋರು ನಿಮ್ಮಲ್ಲಿ ಇದ್ದರೆ ಮೊದಲೇ ಕೇಳಿ.

ಮತ್ತೆ, ನಾಚಿಕೆ ಬಿಟ್ಟು ಹೇಳ್ತೀನಿ, ಮಲ ಹೊತ್ತು ತರುವ ಚೀಲ ತಲಾ ಒಂದು. ಸಂದಿಯಲ್ಲಿ ಹೂಳೋಕೆ ಮಣ್ಣೇ ಇಲ್ಲ, ಬಿಟ್ಟು ಬಂದರೆ ಮುಂದಿನವರು ಅದೇ ನೀರಲ್ಲಿ ಈಜ್ತಾರೆ.

ರಾಮನಗರ_ಬಂಡೆ

ತಂಗಿ ಈ ಮಾತುಕತೆ ಪೂರ್ತಿ ಓದಿ ನನ್ನ ಬ್ಯಾಗ್ ನೆಲಕ್ಕೆ ಸುರಿದಿದ್ದಾಳೆ. ಹೊರಗೆ ಹೋಗಿದ್ದು: ಡ್ರೋನ್, ಕಾಟನ್, ಲೆದರ್ ಶೂ, ಫಿಲ್ಟರ್, ಡೈನಾಮಿಕ್ ಹಗ್ಗ. ಒಳಗೆ ಬಂದಿದ್ದು: ಪ್ರೂಸಿಕ್, ವೆಬ್ಬಿಂಗ್, ಚಾಕು, ಸೀಟಿ, ಡಬ್ಬಿ, ಓಆರ್‌ಎಸ್, ಅಮ್ಮನ ಚಿಕ್ಕಿ. ಸ್ಟ್ಯಾಟಿಕ್ ಹಗ್ಗ ಎರಡೂ ಸ್ಯಾನ್ ಹೋಸೆ ಗೆಳೆಯರು ಅಲ್ಲೇ ಕೊಳ್ತಾರೆ. ಕೀಹೋಲ್ ಪರ್ಮಿಟ್‌ಗೆ ನೋಡ್ತೀವಿ. ಮುನ್ಸೂಚನೆ ಸರಿ ಇಲ್ಲದಿದ್ದರೆ ಅವತ್ತು ಕ್ಯಾನ್ಯನ್ ಇಲ್ಲ, ಕಾರಿನಲ್ಲೇ ಬ್ರೈಸ್ ಪಾರ್ಕ್ ನೋಡಿ ಬರೋದು ಅಂತ ನಾಲ್ವರೂ ಗ್ರೂಪ್‌ನಲ್ಲಿ ಬರೆದು ಒಪ್ಪಿದ್ದೇವೆ, ಭಾವ.

ಒಂದು ಅನುಮಾನ. ಒದ್ದೆ ತೆಳು ಹಗ್ಗದಲ್ಲಿ ಇಳಿಯೋ ಅಭ್ಯಾಸ ಊರಲ್ಲೇ ಮಾಡೋದು ಹೇಗೆ?

ಹಗ್ಗ_ಮಾಸ್ತರ್

ರಾಮನಗರದಲ್ಲಿ ಐದಾರು ಮೀಟರ್‌ನ ಗಿಡ್ಡ ಬಂಡೆ ಹಿಡಿಯಿರಿ. 8 ಮಿಲಿಮೀಟರ್ ಸ್ಟ್ಯಾಟಿಕ್ ಹಗ್ಗ ಯಾರದಾದರೂ ಎರವಲು ತಗೊಂಡು ಬಕೆಟ್ ನೀರಲ್ಲಿ ನೆನೆಸಿ. ಮೇಲಿಂದ ನಿಮ್ಮ ಹಳೇ ಡೈನಾಮಿಕ್ ಹಗ್ಗದಲ್ಲಿ ಬಿಲೇ (ಜಾರಿದರೆ ಹಿಡಿಯೋಕೆ ಇನ್ನೊಬ್ಬರ ಹಿಡಿತ) ಇರಲಿ, ಅದಕ್ಕೆ ಅದೇ ಸರಿ. ಇಳಿಯುವಾಗ ಮಧ್ಯದಲ್ಲಿ ನಿಂತು ಘರ್ಷಣೆ ಹೆಚ್ಚಿಸಿ ನೋಡಿ, ಆಮೇಲೆ ಪ್ರೂಸಿಕ್ ಹಾಕಿ ವಾಪಸ್ ಹತ್ತಿ. ತಂಗಿಯೂ ಹತ್ತಬೇಕು, ನೀವೊಬ್ಬರೇ ಅಲ್ಲ. ಇದನ್ನೇ ಕೈ ಐಸ್ ನೀರಲ್ಲಿ ಅದ್ದಿ ಇನ್ನೊಮ್ಮೆ ಮಾಡಿ. ಆಗ ಅಕ್ಕನ ಮಾತು ನೆನಪಾಗುತ್ತೆ.

ಹಗ್ಗವನ್ನ ಚೀಲಕ್ಕೆ ಗಂಟಾಗದ ಹಾಗೆ ತುಂಬೋದನ್ನ ಬರೆದು ಹೇಳೋಕೆ ಆಗಲ್ಲ. ಶನಿವಾರ ರಾತ್ರಿ ನಿಮ್ಮ ಟೈಮ್ ಒಂಬತ್ತಕ್ಕೆ ವಿಡಿಯೋ ಕಾಲ್‌ಗೆ ಬನ್ನಿ, ತೋರಿಸ್ತೀನಿ.

ಫೀನಿಕ್ಸ್_ಅಕ್ಕ

ನಾನೂ ಬರ್ತೀನಿ. ಅಷ್ಟರಲ್ಲಿ ನಾಲ್ವರ ಎತ್ತರ, ತೂಕ, ಶೂ ಸೈಜ್ ಬರೆದಿಟ್ಟುಕೊಂಡಿರು. ಅಕ್ಟೋಬರ್‌ನಲ್ಲಿ ರಶ್ ಇರುತ್ತೆ, ಚಿಕ್ಕ ಸೈಜ್ ಸೂಟ್ ಮೊದಲು ಖಾಲಿಯಾಗೋದು.